ದಕ್ಕೆ ಗುಡಿಸಿ ಸಾಕಾಯ್ತು, ಬಿಟ್ಟುಬಿಡೋಣವೇ?

ಪ್ರಶ್ನೆ: ನಮ್ಮದು ಕುಂದಾಪುರ ಕಡೆಯ ಒಂದು ಚಿಕ್ಕ ಮೀನುಗಾರಿಕಾ ಬಂದರು. ಹತ್ತು ಹನ್ನೆರಡು ಜನ ಸೇರಿ ಒಂದು ವರ್ಷದಿಂದ ಪ್ರತಿ ಭಾನುವಾರ ದಕ್ಕೆ, ಅಂದರೆ ಬೋಟು ನಿಂತು ಮೀನಿಳಿಸುವ ಕಟ್ಟೆ, ಗುಡಿಸುತ್ತಿದ್ದೇವೆ. ಮುಂದಿನ ವಾರ ಹೋದರೆ ಮತ್ತೆ ಅದೇ ಬಾಟಲಿ, ಅದೇ ಥರ್ಮಾಕೋಲ್ ಚೂರು, ಅದೇ ಬಲೆ ತುಂಡು. ಮೊನ್ನೆ ಬೋಟು ನಡೆಸುವ ಒಬ್ಬ ತಾಂಡೇಲರು 'ನೀವು ಫೋಟೋಕ್ಕೆ ಬರುವವರಲ್ವಾ' ಅಂದುಬಿಟ್ಟರು. ಹುಡುಗರಿಗೆ ಬೇಜಾರಾಗಿದೆ. ಬಿಟ್ಟುಬಿಡೋಣವೇ?

ಉತ್ತರ: ಗುಡಿಸುವುದನ್ನು ಬಿಡಬೇಡಿ, ಭಾನುವಾರವನ್ನು ಬಿಡಿ. ತಾಂಡೇಲರ ಮಾತು ಚುಚ್ಚಿರಬಹುದು, ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಹರಾಜು ಮುಗಿದು, ಐಸ್ ಕರಗಿ, ಮೀನು ಮಾರುವ ಅಕ್ಕಂದಿರೆಲ್ಲ ಬುಟ್ಟಿ ಹೊತ್ತು ಹೋದ ಮೇಲೆ ನೀವು ಪೊರಕೆ ಹಿಡಿದು ಬಂದರೆ ಅವರಿಗೆ ಕಾಣುವುದು ನಿಮ್ಮ ಬನಿಯನ್ ಮೇಲಿನ ಹೆಸರು ಮಾತ್ರ. ಬೋಟು ದಡಕ್ಕೆ ಬರುವ ಹೊತ್ತಿಗೆ ಒಮ್ಮೆ ಹೋಗಿ. ಪೊರಕೆ ಬೇಡ, ಖಾಲಿ ಗೋಣಿ ಹಿಡಿದು ಹೋಗಿ.

ಯಾಕೆಂದರೆ ಕಸ ಹುಟ್ಟುವುದು ದಕ್ಕೆಯಲ್ಲಿ ಮಾತ್ರ ಅಲ್ಲ. ಬಲೆ ಎಳೆದಾಗ ಮೀನಿನ ಜತೆ ಪ್ಲಾಸ್ಟಿಕ್ಕೂ ಬರುತ್ತದೆ. ಅದನ್ನು ದಡಕ್ಕೆ ತಂದರೆ ಇಡಲು ಜಾಗವಿಲ್ಲ, ಹಾಗಾಗಿ ಅಲ್ಲೇ ಕಡಲಿಗೆ ವಾಪಸ್. ಕೇರಳದ ಕೊಲ್ಲಂ ಜಿಲ್ಲೆಯ ನೀಂಡಕರ ಬಂದರಿನಲ್ಲಿ 2017ರಲ್ಲಿ 'ಶುಚಿತ್ವ ಸಾಗರಂ' ಅಂತ ಒಂದು ಕೆಲಸ ಶುರುವಾಯಿತು. ಬೋಟಿನವರಿಗೆ ಚೀಲ ಕೊಟ್ಟರು, ಬಲೆಗೆ ಬಿದ್ದ ಪ್ಲಾಸ್ಟಿಕ್ ತನ್ನಿ ಅಂದರು. ಬಂದದ್ದನ್ನು ಹೆಂಗಸರು ತೊಳೆದು ವಿಂಗಡಿಸಿದರು, ಯಂತ್ರದಲ್ಲಿ ಪುಡಿಯಾಗಿ ರಸ್ತೆ ಡಾಂಬರಿಗೆ ಸೇರಿತು. ಅಲ್ಲಿ ಸರ್ಕಾರ ಬೆನ್ನಿಗಿತ್ತು, ನಿಮಗೆ ಯಂತ್ರ ಎಲ್ಲಿಂದ ಬರಬೇಕು, ಸರಿ. ಆದರೆ ಗೋಣಿ ಕೊಡಲು, ತುಂಬಿದ ಗೋಣಿ ಇಡಲು ದಕ್ಕೆಯ ಒಂದು ಮೂಲೆ ಹಿಡಿಯಲು, ಪಂಚಾಯಿತಿ ಗಾಡಿ ವಾರಕ್ಕೊಮ್ಮೆ ಅಲ್ಲಿಗೆ ಬರುವಂತೆ ಬೆನ್ನುಹತ್ತಲು ಹತ್ತು ಜನ ಸಾಕು. ಮೊದಲು ಎರಡೇ ಬೋಟು ಸಾಕು. ಆ ತಾಂಡೇಲರದ್ದೇ ಒಂದಾದರೆ ಇನ್ನೂ ಒಳ್ಳೆಯದು!

ಹರಿದ ಬಲೆಯನ್ನು ಮಾತ್ರ ಬೇರೆ ಇಡಿ. ಹಿಂದೆ ಹತ್ತಿ ನೂಲಿನ ಬಲೆ ಇತ್ತು, ಬಿದ್ದಲ್ಲೇ ಕೊಳೆಯುತ್ತಿತ್ತು. ನೈಲಾನ್ ಹಾಗಲ್ಲ, ನೀರಲ್ಲಿ ಬಿದ್ದಲ್ಲೇ ಮೀನು ಹಿಡಿಯುತ್ತಾ ಇರುತ್ತದೆ, ಕಡಲಾಮೆಯನ್ನೂ ಸಿಕ್ಕಿಸುತ್ತದೆ, ಬೋಟಿನ ತಳದಲ್ಲಿ ತಿರುಗುವ ಫ್ಯಾನಿಗೂ ಸುತ್ತಿಕೊಳ್ಳುತ್ತದೆ. ಈ ಕೊನೆಯ ಮಾತನ್ನೇ ಬೋಟಿನವರಿಗೆ ಮೊದಲು ಹೇಳಿ. ಆಮೆಯ ಕತೆ ಆಮೇಲೆ.

ದೊಡ್ಡ ಕೆಲಸಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧದ ಸಮಯ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಇದ್ದೇ ಇದೆ. ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ, ಜನರಿಗೆ ಕೂತು ಮಾತಾಡಲು ಪುರುಸೊತ್ತಿರುತ್ತದೆ. ಎಂಜಿನ್ ಎಣ್ಣೆ ಬದಲಿಸುವುದೂ ಆಗಲೇ ಜಾಸ್ತಿ. ಆ ಕರಿ ಎಣ್ಣೆ ನೀರಿಗೆ ಹೋಗದಂತೆ ಒಂದು ಡ್ರಮ್ ಇಟ್ಟರೆ ಇಡೀ ವರ್ಷ ಬಾಟಲಿ ಹೆಕ್ಕಿದ್ದಕ್ಕಿಂತ ದೊಡ್ಡ ಉಪಕಾರ, ಅಂತ ನನ್ನ ಅಭಿಪ್ರಾಯ. ತುಂಬಿದ ಡ್ರಮ್ಮನ್ನು ಮಾತ್ರ ಯಾರ್‍ಯಾರಿಗೋ ಕೊಡಬೇಡಿ, ಲೈಸೆನ್ಸ್ ಇರುವವರಿಗೇ ಕೊಡಿ.

ಅಂದ ಹಾಗೆ, ಚಪ್ಪಲಿಯಲ್ಲಿ ಹೋಗಬೇಡಿ, ಗಮ್ ಬೂಟು ಹಾಕಿ. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟು, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಹೂಳು ತುಂಬಿದೆ. ಶ್ರಮದಾನ ಮಾಡಿ ನಾವೇ ತೆಗೆಯಬಹುದೇ?

ಉತ್ತರ: ಬೇಡ ಮಾರಾಯ್ರೇ. ಹೊಳೆ ತಂದ ಮಣ್ಣು, ಕಡಲು ತಳ್ಳಿದ ಮರಳು ಎರಡೂ ಅಳಿವೆಯಲ್ಲೇ ಸೇರುವುದು, ಬುಟ್ಟಿಯಲ್ಲಿ ಹೊತ್ತು ಮುಗಿಯುವ ಲೆಕ್ಕವಲ್ಲ. ಹೂಳೆತ್ತುವ ಯಂತ್ರ, ಡ್ರೆಜ್ಜರ್ ಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮವೂ ಇದೆ, ಅನುಮತಿ ಇಲ್ಲದೆ ಮರಳಿಗೆ ಕೈ ಹಾಕಿದರೆ ಕೇಸು ನಿಮ್ಮ ಮೇಲೆಯೇ. ಅದರ ಬದಲು ನೀರಿಳಿದಾಗ ಬೋಟು ಎಲ್ಲಿ ತಳ ತಾಗಿತು, ಯಾವ ದಿನ, ಎಷ್ಟು ಹೊತ್ತು ನಿಂತಿತು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ, ಫೋಟೋ ತೆಗೆಯಿರಿ. ಮೀನುಗಾರರ ಸೊಸೈಟಿಯವರು ಇಲಾಖೆಗೆ ಅರ್ಜಿ ಕೊಡುವಾಗ ಆ ಪುಸ್ತಕವನ್ನೂ ಜತೆಗಿಡಲಿ.