ಕಲ್ಲು-ಮಣ್ಣಿನ ಅಂಗನವಾಡಿಗೆ ಹೆದರಬೇಕಾ?

ಅಕ್ಕಾವರೇ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಳಂದ ತಾಲ್ಲೂಕಿನ ನಿಮ್ಮೂರ ಅಂಗನವಾಡಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಕ್ಷೆ ಮಾಡಿಕೊಟ್ಟಿದ್ದಾರೆ. ಕಲ್ಲಿನ ಗೋಡೆ, ಒಳಗೆ ಸುಡದ ಮಣ್ಣಿನ ಇಟ್ಟಿಗೆ. ಅದನ್ನು ನೋಡಿ ನಿಮ್ಮ ಅತ್ತೆಯವರು "ಕಿಲ್ಲಾರಿ ಮರ್ತೀರೇನ?" ಅಂದರಂತೆ. ಆ ವಿದ್ಯಾರ್ಥಿಗಳ ಉತ್ಸಾಹಕ್ಕೆ ತಣ್ಣೀರು ಎರಚಲು ನಿಮಗೆ ಮನಸ್ಸಿಲ್ಲ, ಒಪ್ಪಲು ಧೈರ್ಯವೂ ಇಲ್ಲ.

ಅತ್ತೆಯವರು ಕೇಳಿದ್ದೇ ಸರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪವಾಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಆ ಮನೆಗಳು ನಮ್ಮ ಹಳೇ ಮನೆಗಳಂಥವೇ. ಗೋಡೆಯಲ್ಲಿ ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇರಲಿಲ್ಲ. ಸೋರಬಾರದೆಂದು ಮತ್ತೆ ಮತ್ತೆ ಮಣ್ಣು ಹಾಕಿ ಮಾಳಿಗೆಯೂ ಭಾರವಾಗಿತ್ತು. ನೆಲ ನಡುಗಿದಾಗ ಗೋಡೆ ಉಬ್ಬಿ ಸೀಳಿತು, ಮಾಳಿಗೆ ಮೈಮೇಲೆ ಬಂತು.

ಹಾಗಾಗಿ ನಕ್ಷೆ ಮುಂದಿಟ್ಟುಕೊಂಡು ಆ ಹುಡುಗ ಹುಡುಗಿಯರನ್ನು ಕೇಳಿ: ಗೋಡೆಯ ಪೂರ್ತಿ ಅಗಲಕ್ಕೆ ಹಾಯುವ ಕಲ್ಲು ಎಲ್ಲಿದೆ? ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿಗೊಂದರಂತೆ ಅದು ಇರಲೇಬೇಕು. ಬಾಗಿಲು ಕಿಟಕಿಗಳ ಮೇಲೆ, ಎಲ್ಲೂ ತುಂಡಾಗದೆ, ಕಟ್ಟಡ ಸುತ್ತುವ ಕಬ್ಬಿಣದ ಕಾಂಕ್ರೀಟ್ ಬೆಲ್ಟ್ ಇದೆಯಾ? ಗಾರೆ ಸಿಮೆಂಟಿನದಾ, ಬರೀ ಮಣ್ಣಿನದಾ? ಲೆಕ್ಕ ನೋಡಿ ಅವರ ಮೇಷ್ಟ್ರು ಸಹಿ ಹಾಕಲಿ.

ಇನ್ನು ಇಟ್ಟಿಗೆ. ನಿಮ್ಮದು ಎರೆಭೂಮಿ ಅಂತ ಬರೆದಿದ್ದೀರಿ. ಮಳೆಗೆ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತೆ. ಅದನ್ನೇ ಒತ್ತಿ ಇಟ್ಟಿಗೆ ಮಾಡಿದರೆ ಅದೂ ಬಿರುಕು ಬಿಡುತ್ತೆ. ಒಂದು ಗಾಜಿನ ಬಾಟಲಿಗೆ ಕಾಲುಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಮರಳು ತಳ ಸೇರುತ್ತೆ, ಜೇಡಿ ಮೇಲೆ ಕೂರುತ್ತೆ. ಮರಳಿನ ಪದರ ತೆಳ್ಳಗಿದ್ದರೆ ಹೊರಗಿಂದ ಮರಳು ಬೆರೆಸಲೇಬೇಕು. ಆಮೇಲೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಸಾಕು, ಭಟ್ಟಿ ಬೇಡ. ತಳಪಾಯ ಮಾತ್ರ ಎರೆಮಣ್ಣು ದಾಟಿ ಕೆಳಗಿನ ಗಟ್ಟಿ ಮುರುಮಿಗೆ, ಅಂದರೆ ಕಲ್ಲು ಬೆರೆತ ಮಣ್ಣಿಗೆ, ಮುಟ್ಟಲಿ.

ಇಷ್ಟು ಸರಿಯಿದ್ದರೆ ನಾನು ಆ ವಿದ್ಯಾರ್ಥಿಗಳ ಪರ. ಶಹಾಬಾದ್ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯದೇ, ದೂರದಿಂದ ತರಬೇಕಿಲ್ಲ. ದಪ್ಪ ಗೋಡೆಯೊಳಗೆ ಬಿಸಿಲು ತಡವಾಗಿ ಇಳಿಯುತ್ತೆ. ಛಾವಣಿ ಆರ್‌ಸಿಸಿಯೇ ಇರಲಿ, ಮೇಲೆ ಪ್ರತಿ ಬೇಸಿಗೆಗೆ ಸುಣ್ಣ ಬಳಿಯಿರಿ. ಊಟ ಮಾಡಿದ ಪುಟಾಣಿಗಳು ಮೇ ತಿಂಗಳ ಮಧ್ಯಾಹ್ನ ಮಲಗುವುದು ಅದರ ಕೆಳಗೇ ಅಲ್ವಾ?

ಗುದ್ದಲಿ ಪೂಜೆಗೆ ಮುಂಚೆ ಆ ವಿದ್ಯಾರ್ಥಿಗಳನ್ನು ಮನೆಗೆ ಕರೆಯಿರಿ. ಅತ್ತೆಯವರ ಎದುರು ಕೂತು ನಕ್ಷೆ ವಿವರಿಸಲಿ. ಅವರು ಏನಂದರು ಅಂತ ನನಗೆ ಬರೆಯಿರಿ.