ಲಾಯದ ವಿಶ್ರಾಂತಿಯಲ್ಲಿರುವ ಕುದುರೆಗೆ ಹೊತ್ತು ಹೋಗುವಂತೆ ಮಾಡುವುದು

ನಮಸ್ಕಾರ. ಮುಂಗಾಲಿನ ಸ್ನಾಯುರಜ್ಜಿಗೆ ಪೆಟ್ಟಾಗಿರುವ ನಿಮ್ಮ ಹೆಣ್ಣು ಕುದುರೆಯನ್ನು ಆರು ವಾರ ಲಾಯದಿಂದ ಹೊರಗೆ ಬಿಡಬಾರದೆಂದು ಪಶುವೈದ್ಯರು ಹೇಳಿದ್ದಾರೆ, ನಾಲ್ಕನೆಯ ದಿನಕ್ಕೇ ಅದು ಬಾಗಿಲು ಒದೆಯಲು, ತಲೆಯನ್ನು ಅತ್ತಿತ್ತ ತೂಗಲು ಆರಂಭಿಸಿದೆ, ಯಾವ ಆಟಿಕೆ ಕೊಡಿಸಬೇಕು ಎಂದು ನೀವು ಕೇಳಿದ್ದೀರಿ. ನನ್ನ ಅನುಭವದಲ್ಲಿ ಆಟಿಕೆಯಿಂದ ಆಗುವ ಉಪಕಾರ ಅತ್ಯಲ್ಪ. ಬಾಯಿಗೆ ಕೆಲಸವಿಲ್ಲದಿರುವುದು, ಜೊತೆಗೆ ಇನ್ನೊಂದು ಕುದುರೆ ಕಾಣದಿರುವುದು, ಈ ಎರಡನ್ನು ಮೊದಲು ಸರಿಪಡಿಸಿಕೊಳ್ಳಿ.

ಬಯಲಿನಲ್ಲಿರುವ ಕುದುರೆ ದಿನದ ಹದಿನಾರು ಗಂಟೆಯಷ್ಟು ಹೊತ್ತು ಮೇಯುತ್ತಲೇ ಇರುತ್ತದೆ. ಅದರ ಜಠರದಲ್ಲಿ ಆಮ್ಲ ಹಗಲು ರಾತ್ರಿ ಎನ್ನದೆ ಸ್ರವಿಸುತ್ತದೆ, ಆದರೆ ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಲಷ್ಟೇ ಬರುತ್ತದೆ. ಆದ್ದರಿಂದ ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹುಲ್ಲು ಹಾಕಿ ನಡುವೆ ಖಾಲಿ ಬಿಟ್ಟರೆ ಬೇಸರವಷ್ಟೇ ಅಲ್ಲ, ಹೊಟ್ಟೆಯ ಹುಣ್ಣಿಗೂ ದಾರಿಯಾಗುತ್ತದೆ. ದೇಹದ ತೂಕದ ಶೇಕಡಾ 1.5ರಿಂದ 2ರಷ್ಟು ಒಣಮೇವು ಎಂಬ ಲೆಕ್ಕದಲ್ಲಿ 400 ಕಿಲೋ ತೂಕದ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಬೇಕಾಗುತ್ತದೆ. ಅದನ್ನು ಐದಾರು ಪಾಲು ಮಾಡಿ, ದೊಡ್ಡ ಪಾಲನ್ನು ರಾತ್ರಿಗೆ ಇಟ್ಟುಕೊಳ್ಳಿ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಲಾಯದ ಎರಡು ಮೂಲೆಗಳಲ್ಲಿ ತೂಗುಹಾಕಿದರೆ ಅದೇ ಹುಲ್ಲು ದುಪ್ಪಟ್ಟು ಹೊತ್ತು ಬರುತ್ತದೆ. ಕಾಲಿಗೆ ಲಾಳವಿದ್ದರೆ, ಬಲೆ ಖಾಲಿಯಾಗಿ ಜೋತುಬಿದ್ದಾಗಲೂ ಗೊರಸು ಸಿಕ್ಕಿಕೊಳ್ಳದಷ್ಟು ಎತ್ತರದಲ್ಲಿ ಕಟ್ಟುವುದನ್ನು ಮರೆಯಬೇಡಿ. ಒಂದಿಷ್ಟು ಹುಲ್ಲನ್ನು ನೆಲದ ಮೇಲೂ ಹಾಕಿ, ಏಕೆಂದರೆ ತಲೆ ತಗ್ಗಿಸಿ ತಿಂದಾಗ ಮೂಗು, ಶ್ವಾಸನಾಳದಲ್ಲಿನ ಧೂಳು ಹೊರಗೆ ಹರಿದುಹೋಗುತ್ತದೆ.

ಕಾಳು, ತೌಡಿನ ಮೇವನ್ನು ಮಾತ್ರ ವೈದ್ಯರನ್ನು ಕೇಳಿ ತಗ್ಗಿಸಿ. ಕೆಲಸವಿಲ್ಲದ ಮೈಗೆ ಅಷ್ಟು ಶಕ್ತಿ ಸಿಕ್ಕರೆ ಅದು ಬಾಗಿಲಿನ ಮೇಲೆಯೇ ಖರ್ಚಾಗುತ್ತದೆ. ಹಸಿರು ಮೇಯುತ್ತಿದ್ದ ಕುದುರೆ ಒಮ್ಮೆಲೇ ಒಣಹುಲ್ಲಿಗೆ ಇಳಿದು ಓಡಾಟವೂ ನಿಂತಾಗ ಕರುಳಿನಲ್ಲಿ ಲದ್ದಿ ಗಟ್ಟಿಯಾಗಿ ಕಟ್ಟಿಕೊಳ್ಳುವ ಅಪಾಯವಿರುವುದರಿಂದ, ಮೊದಲ ವಾರ ಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಡುವುದು ಒಳ್ಳೆಯದು. ನಾನು ಲಾಯದ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದಿನಕ್ಕೆ ಎಷ್ಟು ಬಾರಿ ಲದ್ದಿ ಹಾಕಿತು ಎಂದು ಗೆರೆ ಎಳೆಯುತ್ತಿದ್ದೆ. ಸಾಮಾನ್ಯವಾಗಿ ಹತ್ತರ ಆಸುಪಾಸು ಇರುತ್ತಿದ್ದ ಗೆರೆಗಳು ಒಂದು ದಿನ ನಾಲ್ಕಕ್ಕೇ ನಿಂತುಹೋದವು. ಕುದುರೆ ಇನ್ನೂ ನೆಮ್ಮದಿಯಾಗಿಯೇ ಕಾಣುತ್ತಿದ್ದಾಗ ವೈದ್ಯರಿಗೆ ಕರೆ ಮಾಡಿದ್ದರಿಂದ ಹೊಟ್ಟೆಶೂಲೆ ಕೈಮೀರಲಿಲ್ಲ.

ಇನ್ನು ಜೊತೆಯ ಮಾತು. ನೀವು ಹೇಳಿದ ತಲೆ ತೂಗುವ ಚಾಳಿ ಹೆಚ್ಚಾಗಿ ಒಂಟಿತನದಿಂದ, ಹೊರಗೆ ಹೋಗಲಾಗದ ಚಡಪಡಿಕೆಯಿಂದ ಹುಟ್ಟುವಂಥದ್ದು. ಉಳಿದ ಕುದುರೆಗಳನ್ನೆಲ್ಲ ಬಯಲಿಗೆ ಬಿಟ್ಟು ಇದನ್ನೊಂದನ್ನೇ ಉಳಿಸಬೇಡಿ. ಶಾಂತ ಸ್ವಭಾವದ ಒಂದನ್ನು ಪಕ್ಕದ ಲಾಯದಲ್ಲಿ, ಕಣ್ಣಿಗೆ ಕಾಣುವಂತೆ ಇಡಿ. ಅದು ಸಾಧ್ಯವೇ ಇಲ್ಲವಾದರೆ ಒಡೆಯದ ಅಕ್ರಿಲಿಕ್ ಕನ್ನಡಿಯನ್ನು ಗೋಡೆಗೆ ಭದ್ರವಾಗಿ ಕೂರಿಸಬಹುದು. ಎಷ್ಟೋ ಕುದುರೆಗಳಲ್ಲಿ ಇದರಿಂದ ತೂಗಾಟ ತಗ್ಗಿದ್ದುಂಟು, ಆದರೆ ತನ್ನ ಬಿಂಬದ ಮೇಲೆಯೇ ಕಿವಿ ಹಿಂದಕ್ಕೆ ಮಡಚಿ ಏರಿಹೋಗುವ ಕುದುರೆಯೂ ಇರುವುದರಿಂದ ಮೊದಲ ಒಂದು ಗಂಟೆ ಅಲ್ಲಿಯೇ ನಿಂತು ನೋಡಿ. ತೂಗದಂತೆ ಬಾಗಿಲಿಗೆ ಸರಳು ಹಾಕಿಸುವುದು ನನಗೆ ಸರಿಕಾಣುವುದಿಲ್ಲ. ಚಾಳಿ ಬಾಗಿಲಿನಿಂದ ಒಳಗೆ ಸರಿಯುತ್ತದೆಯೇ ಹೊರತು ನಿಲ್ಲುವುದಿಲ್ಲ.

ಪ್ರತಿದಿನ ಒಂದೇ ಹೊತ್ತಿಗೆ ಅರ್ಧ ಗಂಟೆ ಮೈ ಉಜ್ಜಿರಿ. ಕತ್ತು ಬೆನ್ನಿಗೆ ಸೇರುವ ಉಬ್ಬಿನ ಬಳಿ, ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗದಲ್ಲಿ, ಬೆರಳಿನಿಂದ ಗಟ್ಟಿಯಾಗಿ ಕೆರೆದರೆ ಅದರ ಮೇಲ್ದುಟಿ ಉದ್ದವಾಗಿ ಚಾಚಿ ನಡುಗುವುದನ್ನೂ ಕಣ್ಣು ಅರೆಮುಚ್ಚುವುದನ್ನೂ ನೀವೇ ಕಾಣುವಿರಿ. ಕೋಲಿನ ತುದಿಗೆ ಕಟ್ಟಿದ ಚೆಂಡನ್ನು ಮೂಗಿನಿಂದ ಮುಟ್ಟುವುದು, ಮಾತಿಗೆ ತಲೆ ತಗ್ಗಿಸುವುದು ಮುಂತಾದ, ಕಾಲಿಗೆ ಶ್ರಮವಿಲ್ಲದ ಪಾಠಗಳನ್ನು ಐದೈದು ನಿಮಿಷ ಕಲಿಸಬಹುದು. ಬಹುಮಾನಕ್ಕೆ ಕ್ಯಾರೆಟ್ ಕೊಡುವುದಾದರೆ ಬಿಲ್ಲೆಯಾಗಿ ಕತ್ತರಿಸದೆ ಉದ್ದಕ್ಕೆ ಸೀಳಿ, ಇಲ್ಲವಾದರೆ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು.

ಆಟಿಕೆಗಳಲ್ಲಿ ಉರುಳಿಸಿದರೆ ತಿನಿಸು ಉದುರುವ ಚೆಂಡು ಪರವಾಗಿಲ್ಲ, ಆದರೆ ಅದನ್ನು ಅಟ್ಟಿಸಿಕೊಂಡು ಗಿರಕಿ ಹೊಡೆಯುವ ಸ್ವಭಾವವಿದ್ದರೆ ಕಾಲಿಗೆ ಕೇಡು. ನಾನು ಹಗ್ಗದಲ್ಲಿ ತೂಗುಹಾಕಿದ ಉಪ್ಪಿನ ಗಟ್ಟಿಯನ್ನು ನನ್ನ ಕುದುರೆ ಎರಡು ದಿನ ನೆಕ್ಕಿ, ಮೂರನೆಯ ರಾತ್ರಿಯಿಂದ ಗೋಡೆಗೆ ಬಡಿದು ನಮ್ಮನ್ನು ಎಬ್ಬಿಸಲು ಬಳಸಿತು.

ಹೊರಗೆ ನಡೆಸಲು ಅನುಮತಿ ಸಿಕ್ಕ ದಿನ ಕುದುರೆ ಎಷ್ಟೇ ಸಾಧುವಾಗಿ ಕಂಡರೂ ಬರಿಯ ಹಗ್ಗ ಹಿಡಿದು ಹೊರಡಬೇಡಿ. ಕಡಿವಾಣ ಹಾಕಿ, ಕೈಗವಸು ತೊಟ್ಟು, ಹುಲ್ಲು ತಿಂದು ತಣಿದಿರುವ ಹೊತ್ತಿನಲ್ಲಿ, ಗಾಳಿಯಿಲ್ಲದಾಗ ಕರೆದೊಯ್ಯಿರಿ. ಶಮನಕಾರಿ ಔಷಧಿ ಬೇಕೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಕೊಟ್ಟರೆ, ಅದರ ಮಂಪರು ಪೂರ್ತಿ ಇಳಿಯುವವರೆಗೆ ಲಾಯದಲ್ಲಿ ಒಂದು ಎಳೆ ಹುಲ್ಲನ್ನೂ ಇಡಬೇಡಿ.