ಒಂದನೇ ಕ್ಲಾಸಿನ ಮಗುವಿಗೆ ರಾತ್ರಿ ಕಾಪಿ ಬರೆಸಬೇಡಿ

ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಒಂದೇ ತರಹದ ದೂರು ಹೊತ್ತ ತಾಯಂದಿರು ಬರತೊಡಗುತ್ತಾರೆ. ಮಗು ಒಂದನೇ ಕ್ಲಾಸು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಎಂದಿರುತ್ತಾರೆ. ತಾಯಿಯ ಚೀಲದಲ್ಲಿ ಕಾಪಿ ಪುಸ್ತಕ ಇದ್ದೇ ಇರುತ್ತದೆ. ಶಿವಮೊಗ್ಗದಲ್ಲಿ ಆಪ್ತಸಲಹೆ ಕೊಡಲು ಕೂತಾಗಿನಿಂದ ಈ ಕಥೆ ನಿಂತಿಲ್ಲ. ಅದಕ್ಕೇ ಒಂದು ಪ್ರಕರಣವನ್ನು ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮಗುವನ್ನು ಚಿನ್ನು ಎನ್ನೋಣ. ಹೊಸನಗರ ಕಡೆಯ ಹಳ್ಳಿ, ಸ್ವಲ್ಪ ಅಡಿಕೆ ತೋಟ, ಕೂಡುಕುಟುಂಬ. ಚಿನ್ನು ಊರಿನ ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾಳೆ. ಅದೇ ಮನೆಯ ದೊಡ್ಡಪ್ಪನ ಮಗಳು ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾಳೆ, ದಿನಾ ಎರಡು ಪುಟ ಹೋಂವರ್ಕ್ ತರುತ್ತಾಳೆ. ಜಗಲಿಯಲ್ಲಿ ಅವಳ ಪುಸ್ತಕ ತುಂಬುತ್ತಿದ್ದರೆ ಇವಳು ಹಾಡು ಹೇಳಿಕೊಂಡು ಕುಣಿಯುತ್ತಿರುತ್ತಾಳೆ. "ನಿನ್ನ ಮಗಳು ಶಾಲೆಗೆ ಹೋಗೋದು ಕುಣಿಯೋಕಾ?" ಎಂದು ಅತ್ತೆ ಒಂದು ದಿನ ಅಂದರಂತೆ. ಅವತ್ತಿನಿಂದ ರಾತ್ರಿ ಊಟಕ್ಕೆ ಮೊದಲು ಒಂದು ಗಂಟೆ ಅ, ಆ, ಇ, ಈ ಕಾಪಿ ಶುರುವಾಯಿತು. ಎರಡು ವರ್ಷದ ಹಿಂದೆಯೇ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದೂ ಮತ್ತೆ ಶುರುವಾಯಿತು. ಮೂತ್ರ ಪರೀಕ್ಷೆ ಮಾಡಿಸಿದರು, ಜಂತುಹುಳದ ಮಾತ್ರೆ ಕೊಟ್ಟರು, ಕೊನೆಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಯಲ್ಲಿ ಚಿನ್ನು ಬಾಯಿ ಬಿಡಲಿಲ್ಲ. ಎರಡನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ತಾಯಿ ಕಾಪಿ ಪುಸ್ತಕ ಬಿಡಿಸಿ ಮೇಜಿನ ಮೇಲಿಟ್ಟರು. ಮೊದಲ ಸಾಲಿನ ಅಕ್ಷರ ಮುತ್ತಿನಂತಿತ್ತು, ಅದು ತಾಯಿಯ ಕೈ. ಕೆಳಗಿನ ಸಾಲುಗಳಲ್ಲಿ "ಆ" ಇಳಿಯುತ್ತಾ ಇಳಿಯುತ್ತಾ ಆಕಾರವೇ ಇಲ್ಲದ ಸುತ್ತಾಗಿತ್ತು. ರಬ್ಬರಿನಿಂದ ಉಜ್ಜಿ ಉಜ್ಜಿ ಎರಡು ಕಡೆ ಹಾಳೆ ತೂತಾಗಿತ್ತು. "ನೋಡಿ ಮೇಡಮ್, ಮೂರು ತಿಂಗಳಾಯ್ತು. ಒಂದಕ್ಷರ ಬರಲ್ಲ. ಇವಳಿಗೆ ತಲೆಯಲ್ಲೇ ಏನಾದ್ರೂ ತೊಂದರೆ ಇದೆಯಾ?" ಅಂದರು. ಮಗು ಅಲ್ಲೇ ನೆಲದ ಮೇಲೆ ಕೂತು ಜೇಡಿಮಣ್ಣು ಹೊಸೆಯುತ್ತಿತ್ತು. ಮಗುವಿನ ಎದುರು ಇಂಥ ಮಾತು ಆಡಬಾರದು ಎಂದು ಅವರಿಗೆ ಸನ್ನೆ ಮಾಡಿ, ನಾನೂ ನೆಲಕ್ಕೆ ಇಳಿದೆ.

"ಬರುವಾಗ ದಾರೀಲಿ ಎಂತ ನೋಡಿದೆ ಚಿನ್ನು?"

ಸುಮಾರು ಹೊತ್ತಿನ ಮೇಲೆ ಹೇಳಿದಳು: "ಬಸ್ಸು."

"ನೀನು ಬಂದ ಬಸ್ಸಾ?"

"ಅಲ್ಲ. ಬಸ್‌ಸ್ಟ್ಯಾಂಡಲ್ಲಿ ಪಕ್ಕದಲ್ಲಿ ನಿಂತಿತ್ತು. ಅದರ ಬೋರ್ಡಲ್ಲಿ ಗ ಇತ್ತು, ರ ಇತ್ತು. ಮೊದಲು ಸ ಇತ್ತು, ಅದಕ್ಕೆ ಬಾಲ ಇತ್ತು. ಬಾಲದ್ದು ನಮಗೆ ಇನ್ನೂ ಬಂದಿಲ್ಲ. ಆಮೇಲೆ ಬರತ್ತೆ ಅಂತ ಟೀಚರ್ ಹೇಳಿದಾರೆ."

ಸಾಗರದ ಬಸ್ಸು! ತಾಯಿ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ನಾನು ಒಂದು ಹಾಳೆಯಲ್ಲಿ "ಗರಗಸ" ಎಂದು ಬರೆದು ಸುಮ್ಮನೆ ನೆಲದ ಮೇಲಿಟ್ಟೆ. ಚಿನ್ನು ಮಣ್ಣಿನ ಕೈಯಲ್ಲೇ ಒಂದೊಂದಕ್ಷರದ ಮೇಲೆ ಬೆರಳಿಟ್ಟು ಓದಿದಳು. ಓದಿ, "ಇದು ಮರ ಕುಯ್ಯೋದು" ಅಂತ ಸೇರಿಸಿದಳು. ಅಷ್ಟರಲ್ಲಿ ತಾಯಿ, "ಹಂಗಾದ್ರೆ ಬರಿ ನೋಡಾಣ, ಮೇಡಮ್‌ಗೆ ಬರೆದು ತೋರ್ಸು" ಎಂದು ಪೆನ್ಸಿಲ್ ಮುಂದೆ ಹಿಡಿದರು. ಮಗುವಿನ ಕೈ ತಟ್ಟನೆ ಬೆನ್ನ ಹಿಂದೆ ಹೋಯಿತು. ಆಮೇಲೆ ಆ ದಿನ ಅವಳು ಮಾತಾಡಲಿಲ್ಲ.

ಆ ಕೈ ಹಿಂದೆ ಹೋದದ್ದನ್ನು ತಾಯಿಯೂ ನೋಡಿದರು. ನಾನು ಬೇರೆ ಏನೂ ವಿವರಿಸಬೇಕಾಗಿ ಬರಲಿಲ್ಲ. "ರಾತ್ರಿ ಸ್ಕೇಲಲ್ಲಿ ಕೈಮೇಲೆ ಕೊಡ್ತಿದ್ದೆ" ಎಂದು ಅವರೇ ಹೇಳಿದರು. ಸ್ವಲ್ಪ ತಡೆದು, "ಇಷ್ಟು ಓದೋಳಿಗೆ ಅ ಆ ಇ ಈ ಯಾಕೆ ಬರಲ್ಲ ಮೇಡಮ್?" ಎಂದು ಕೇಳಿದರು.

ಈ ಪ್ರಶ್ನೆ ಇವರೊಬ್ಬರದ್ದಲ್ಲ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಅದು. ಅಲ್ಲಿ ಮಕ್ಕಳು ವರ್ಣಮಾಲೆಯ ಸಾಲು ಹಿಡಿದು ಹೋಗುವುದಿಲ್ಲ. ಮೊದಲು ರ, ಗ, ಸ, ದ, ಅ. ಅದಾದ ಮೇಲೆ ಜ, ವ, ಮ, ಬ, ನ. ಸುತ್ತಿ ಬರೆಯಲು ಒಂದಕ್ಕೊಂದು ಹತ್ತಿರದ ಆಕಾರಗಳು, ಐದು ಕಲಿತ ಕೂಡಲೇ ಸರ, ಅರಸ, ಗರಗಸ ಎಂದು ಅರ್ಥವಿರುವ ಪದ ಓದಬಹುದು. ಹಗಲು ಶಾಲೆಯಲ್ಲಿ ರ ಗ ಸ, ರಾತ್ರಿ ಮನೆಯಲ್ಲಿ ಅ ಆ ಇ. ಚಿನ್ನು ಒಟ್ಟೊಟ್ಟಿಗೆ ಎರಡು ಶಾಲೆ ಓದುತ್ತಿದ್ದಳು, ಅದರಲ್ಲಿ ಒಂದು ಶಾಲೆಯಲ್ಲಿ ಏಟು.

ಸಲಹೆ ಹೀಗೆ ಕೊಟ್ಟೆ. ದೀಪಾವಳಿವರೆಗೆ ಮನೆಯಲ್ಲಿ ಕಾಪಿ ಪೂರ್ತಿ ನಿಲ್ಲಿಸಿ. ಪುಸ್ತಕ ಕಣ್ಣಿಗೆ ಬೀಳದಂತೆ ತೆಗೆದಿಡಿ. ಶಾಲೆಯಿಂದ ಬಂದ ಮೇಲೆ ಕಾಫಿ-ತಿಂಡಿ ಆಗುವಾಗ, ಇವತ್ತು ಕಲಿತದ್ದನ್ನು ನಿಮಗೆ ಕಲಿಸು ಅನ್ನಿ. ಅವಳು ಟೀಚರು, ನೀವು ಮಗು. ತಪ್ಪು ಹೇಳಿದರೂ ತಿದ್ದಬೇಡಿ, ಐದು ನಿಮಿಷಕ್ಕೆ ಮುಗಿಸಿ. ಒಂದು ದಿನ ಟೀಚರ್ ಹತ್ತಿರ ಕೇಳಿಕೊಂಡು ಹೋಗಿ ತರಗತಿಯಲ್ಲಿ ಕೂತು ನೋಡಿ. ಗೋಡೆಯ ಮೇಲೆ ಮಕ್ಕಳ ಕಲಿಕೆ ತೋರಿಸುವ ಪ್ರಗತಿ ನೋಟದಲ್ಲಿ ಮಗಳು ಯಾವ ಮೈಲಿಗಲ್ಲಿನಲ್ಲಿ, ಅಂದರೆ ಯಾವ ಹಂತದಲ್ಲಿದ್ದಾಳೆ ಎಂದು ಟೀಚರನ್ನೇ ಕೇಳಿ. ಜೊತೆಗೆ ಕಣ್ಣು, ಕಿವಿ ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

"ಬರೆಯದೆ ಕೈ ಹೇಗೆ ತಿರುಗತ್ತೆ? ನಾವೆಲ್ಲ ಪೆಟ್ಟು ತಿಂದೇ ಕಲಿತದ್ದು" ಎಂದರು ತಾಯಿ. ಆರು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಪೆನ್ಸಿಲ್ ಹಿಡಿದು ಒಂದು ಗಂಟೆ ಕೂರಿಸಿದರೆ ನೋಯುತ್ತದೆ, ನೋವಿನ ಜೊತೆ ಅಕ್ಷರವೂ ಬೇಡವಾಗುತ್ತದೆ. ಶಾಲೆಯಲ್ಲಿ ಮಣಿ ಪೋಣಿಸುವುದು, ಬೀಜ ವಿಂಗಡಿಸುವುದು, ಕಡ್ಡಿಗಳನ್ನು ಹತ್ತತ್ತರ ಕಟ್ಟು ಕಟ್ಟುವುದು, ಗೋಡೆಯ ಕೆಳಗಿನ ಕಪ್ಪು ಹಲಗೆಯಲ್ಲಿ ನಿಂತು ದೊಡ್ಡದಾಗಿ ಗೀಚುವುದು, ಇವೆಲ್ಲ ಆ ಕೈಯನ್ನು ಬರವಣಿಗೆಗೆ ಹದ ಮಾಡುವ ಕೆಲಸಗಳೇ. ಅವು ಪುಸ್ತಕದಲ್ಲಿ ಉಳಿಯುವುದಿಲ್ಲ, ಹಾಗಾಗಿ ಮನೆಯವರ ಕಣ್ಣಿಗೆ ಬೀಳುವುದಿಲ್ಲ.

ಮಾತಿನ ನಡುವೆ ಅತ್ತೆ ಭೂಮಿ ಹುಣ್ಣಿಮೆ ಹಬ್ಬಕ್ಕೆ ಬೂಮಣ್ಣಿ ಬುಟ್ಟಿ ಬರೆಯುತ್ತಾರೆ ಎಂಬುದು ಗೊತ್ತಾಯಿತು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಚಿತ್ತಾರ ಬಿಡಿಸುತ್ತಾರಲ್ಲ, ಅದು. ಒಂದು ಗೆರೆ ಇನ್ನೊಂದಕ್ಕೆ ಸಮವಾಗಿ ಓಡಬೇಕು, ತಿರುವಿನಲ್ಲಿ ಕೈ ನಿಲ್ಲಬಾರದು. ಆರು ವರ್ಷದ ಕೈಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಈ ಸಲ ಒಂದು ಚಿಕ್ಕ ಬುಟ್ಟಿಯನ್ನು ಮೊಮ್ಮಗಳಿಗೆ ಕೊಡಲು ಅತ್ತೆಗೆ ಹೇಳಿ ಎಂದೆ. ಕೈಗೆ ಒಳ್ಳೆಯದು ಎಂಬುದು ಒಂದು ಕಾರಣ. ಮನೆಯಲ್ಲಿ ಮಾತು ಆಡುವವರು ಮಗುವಿನ ಪಕ್ಕ ಕೂರಲಿ ಎಂಬುದು ಇನ್ನೊಂದು. ಅತ್ತೆಯನ್ನು ಬಿಟ್ಟು ಸೊಸೆಗೆ ಮಾತ್ರ ಬುದ್ಧಿ ಹೇಳಿ ಕಳಿಸಿದರೆ ಕೂಡುಕುಟುಂಬದಲ್ಲಿ ಅದು ಎರಡು ದಿನ ನಿಲ್ಲುವುದಿಲ್ಲ.

ಈ ಸಲಹೆಗೆ ಆಕ್ಷೇಪಗಳಿವೆ, ಶಿಕ್ಷಕರೇ ಎತ್ತಿದ್ದಾರೆ. ಮನೆಯಲ್ಲಿ ಬರೆಸುವುದು ಬಿಡಿ ಅಂದರೆ ಪೋಷಕರು ಕೈಚೆಲ್ಲಿ ಕೂರುತ್ತಾರೆ, ಬಡವರ ಮಕ್ಕಳು ಇನ್ನೂ ಹಿಂದೆ ಬೀಳುತ್ತಾರೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು, ಚೀಲದ ಭಾರ 2 ಕೆ.ಜಿ. ಮೀರಬಾರದು ಎಂದು ರಾಜ್ಯ ಸರ್ಕಾರವೇ 2019ರಲ್ಲಿ ಆದೇಶ ಮಾಡಿದೆ. ಕನ್ನಡದಲ್ಲಿ 49 ಅಕ್ಷರ ಕಲಿತರೆ ಮುಗಿಯಲಿಲ್ಲ, ಕಾಗುಣಿತ ಒತ್ತಕ್ಷರ ಸೇರಿ ನೂರಾರು ರೂಪ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದು ವರ್ಷಗಟ್ಟಲೆ ಹಿಡಿಯುವ ಕಲಿಕೆ ಎಂದೇ ತೋರಿಸಿತು. ವರ್ಷಗಳ ದಾರಿಯಲ್ಲಿ ಮೂರನೇ ತಿಂಗಳಿಗೇ ಮಗುವಿಗೆ ದಡ್ಡಿ ಎಂಬ ಪಟ್ಟ ಕಟ್ಟುವುದು ಅನ್ಯಾಯ.

ಎಲ್ಲ ಶಾಲೆಗಳಲ್ಲೂ ನಲಿ-ಕಲಿ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಒಬ್ಬರೇ ಟೀಚರು ಮೂರು ತರಗತಿ ಹಿಡಿದು, ನಡುವೆ ಸಮೀಕ್ಷೆ ಕೆಲಸಕ್ಕೂ ಓಡುವ ಶಾಲೆಗಳಿವೆ. ಅದಕ್ಕೇ ತಾಯಿಗೆ ನನ್ನ ಮಾತು ನಂಬಿ ಎನ್ನದೆ, ಹೋಗಿ ಕೂತು ನೋಡಿ ಎಂದದ್ದು. ತರಗತಿ ನಡೆಯದಿದ್ದರೆ ಕೇಳಬೇಕಾದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ. ಅದರ ಶಿಕ್ಷೆ ರಾತ್ರಿ ಮಗುವಿನ ಬೆರಳಿಗೆ ಬೀಳಬಾರದು. ಇನ್ನು ನಿಜವಾದ ಕಲಿಕಾ ನ್ಯೂನತೆ ಇದ್ದರೆ? ಅದರ ಪ್ರಮಾಣಪತ್ರವನ್ನು 8 ವರ್ಷ ತುಂಬದೆ ಕೊಡುವುದಿಲ್ಲ. ಅಲ್ಲಿಯವರೆಗೆ ಗಮನಿಸುತ್ತಾ, ಟೀಚರ್ ಜೊತೆ ಮಾತಾಡುತ್ತಾ ಇರಬೇಕು. ಹೊಡೆದು ಬರೆಸುವುದರಿಂದ ಅಂಥ ಮಗುವಿಗೂ ಗುಣವಿಲ್ಲ.

ಚಿನ್ನುವಿನ ಹಾಸಿಗೆ ಈಗ ಅಪರೂಪಕ್ಕೆ ಒದ್ದೆಯಾಗುತ್ತದೆ. ಸೋಮವಾರದ ಹೊಟ್ಟೆನೋವು ಪೂರ್ತಿ ಹೋಗಿಲ್ಲ. ತಾಯಿ ತರಗತಿಗೆ ಹೋಗಿ ಕೂತು ಬಂದರು, ಅತ್ತೆ ಬುಟ್ಟಿ ಕೊಟ್ಟರು. ದೀಪಾವಳಿ ಕಳೆದ ವಾರವೇ ತಾಯಿಯ ಫೋನ್ ಬಂತು: "ಇನ್ನು ಕಾಪಿ ಶುರು ಮಾಡ್ಲಾ ಮೇಡಮ್?" ಟೀಚರ್ ಬೇಕು ಅಂದರೆ, ಚಿನ್ನು ತಾನಾಗಿ ಪೆನ್ಸಿಲ್ ಕೇಳಿದರೆ, ಹತ್ತು ನಿಮಿಷ ಎಂದೆ. ಮುಂದಿನ ಜೂನ್‌ಗೆ ಇವಳನ್ನೂ ವ್ಯಾನ್ ಶಾಲೆಗೆ ಹಾಕುವ ಮಾತು ಮನೆಯಲ್ಲಿ ನಡೆದಿದೆಯಂತೆ. ಅದು ಅವರ ತೀರ್ಮಾನ. ಸೇರಿಸುವ ಮೊದಲು ಆ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಹೋಂವರ್ಕ್ ಎಷ್ಟು ಕೊಡುತ್ತಾರೆ ಎಂದು ಕೇಳಿಕೊಂಡು ಬನ್ನಿ ಎಂದಿದ್ದೇನೆ.